ಗಿಫುವಿನ ಅಚ್ಚು, ನೊಗುಚಿಯ ದೀಪ: ಒಂದು ಪ್ರಕರಣ ಅಧ್ಯಯನ

1951ರಲ್ಲಿ ಜಪಾನಿನ ಗಿಫು ನಗರದ ಮೇಯರ್, ಊರಿಗೆ ಬಂದಿದ್ದ ಅಮೆರಿಕನ್ ಶಿಲ್ಪಿಯೊಬ್ಬರ ಮುಂದೆ ಒಂದು ಕೋರಿಕೆ ಇಟ್ಟರು. ಕಾಗದದ ಗೂಡುದೀಪ ಮಾಡುವುದು ಈ ಊರಿನ ಹಳೆಯ ಕಸುಬು. ಅದು ಸೊರಗುತ್ತಿದೆ. ಹೊರದೇಶದವರೂ ಕೊಳ್ಳುವಂಥ ದೀಪಗಳನ್ನು ರೂಪಿಸಿ ಇದಕ್ಕೆ ಮತ್ತೆ ಜೀವ ತುಂಬಬಹುದೇ? ಶಿಲ್ಪಿಯ ಹೆಸರು ಇಸಾಮು ನೊಗುಚಿ, ವಯಸ್ಸು ಆಗ 46. ಅಣುಬಾಂಬು ಬಿದ್ದ ಹಿರೋಷಿಮಾದಲ್ಲಿ ಕೆಂಜೊ ಟಾಂಗೆ ಎಂಬ ವಾಸ್ತುಶಿಲ್ಪಿ ಶಾಂತಿ ಉದ್ಯಾನವನ್ನು ಯೋಜಿಸುತ್ತಿದ್ದರು. ಅಲ್ಲಿನ ಎರಡು ಸೇತುವೆಗಳ ಕೈಪಿಡಿಗೋಡೆಗಳನ್ನು ವಿನ್ಯಾಸ ಮಾಡುವ ಕೆಲಸದ ಮೇಲೆ ಹೊರಟಿದ್ದ ನೊಗುಚಿ, ದಾರಿಯಲ್ಲಿ ಗಿಫುವಿನಲ್ಲಿ ಇಳಿದಿದ್ದರು. ನಗಾರಾ ನದಿಯಲ್ಲಿ ನೀರುಕಾಗೆಗಳನ್ನು ಪಳಗಿಸಿ ರಾತ್ರಿ ಹೊತ್ತು ಮೀನು ಹಿಡಿಯುವ ಪದ್ಧತಿ ಅಲ್ಲಿ ಶತಮಾನಗಳಿಂದ ನಡೆದುಬಂದಿದೆ. ದೋಣಿಯ ಮೂತಿಯಲ್ಲಿ ಬೆಂಕಿಯ ಬುಟ್ಟಿ ಉರಿಯುತ್ತದೆ, ನೋಡಲು ಬಂದವರ ದೋಣಿಗಳಲ್ಲಿ ಕಾಗದದ ದೀಪಗಳ ಸಾಲು ತೂಗುತ್ತದೆ.

ಆ ಕೋರಿಕೆಗೆ ಉತ್ತರವಾಗಿ ಹುಟ್ಟಿದ್ದೇ ‘ಅಕಾರಿ’ ದೀಪಗಳು. ಮೊದಲ ಮಾದರಿಗಳು ಅದೇ ವರ್ಷ ರೂಪುಗೊಂಡವು. 1988ರಲ್ಲಿ ತೀರಿಕೊಳ್ಳುವವರೆಗೂ ನೊಗುಚಿ ಈ ಸರಣಿಗೆ ಹೊಸ ಆಕಾರಗಳನ್ನು ಸೇರಿಸುತ್ತಲೇ ಇದ್ದರು. ಒಟ್ಟು ಸಂಖ್ಯೆ ನೂರನ್ನು ದಾಟಿತು. ಗಿಫುವಿನ ಒಜೆಕಿ ಎಂಬ ಸಂಸ್ಥೆ ಇವತ್ತಿಗೂ ಅವನ್ನು ಕೈಯಿಂದಲೇ ತಯಾರಿಸುತ್ತಿದೆ.

ದೀಪ ವಿನ್ಯಾಸದ ಪುಸ್ತಕಗಳಲ್ಲಿ ಈ ಕಥೆ ಸಾಮಾನ್ಯವಾಗಿ ಒಬ್ಬ ಪ್ರತಿಭಾವಂತನ ಕಥೆಯಾಗಿ ಬರುತ್ತದೆ. ನಾನು ಇದನ್ನು ಒಂದು ಕಾರ್ಯಾಗಾರದ ಕಥೆಯಾಗಿ ಓದುತ್ತೇನೆ. ಅಕಾರಿಯ ಹೊಸತನ ಬಹುಪಾಲು ಗಿಫುವಿನ ಕುಶಲಕರ್ಮಿಗಳ ಬಳಿ ಮೊದಲೇ ಇದ್ದ ಮರದ ಅಚ್ಚಿನಲ್ಲಿ ಅಡಗಿತ್ತು. ಆ ಅಚ್ಚಿನಿಂದ ಏನೆಲ್ಲ ಹೊರಡಿಸಬಹುದು ಎಂದು ಕಂಡುಕೊಂಡದ್ದು ನೊಗುಚಿಯ ದೊಡ್ಡ ಕೆಲಸ. ಈ ಮಾತಿಗೆ ಆಧಾರ ಬೇಕಾದರೆ ತಯಾರಿಕೆಯ ವಿಧಾನವನ್ನೇ ಬಿಡಿಸಿ ನೋಡಬೇಕು.

ಅಚ್ಚು, ಬಿದಿರು, ಕಾಗದ

ಅಚ್ಚು ಎಂದರೆ ಒಂದೇ ಗಟ್ಟಿ ದಿಮ್ಮಿಯಲ್ಲ. ಹಲವು ತೆಳುವಾದ ಮರದ ಹಲಗೆಗಳು. ಪ್ರತಿಯೊಂದರ ಹೊರ ಅಂಚನ್ನೂ ದೀಪದ ಪಕ್ಕದ ಬಾಗಿಗೆ ಸರಿಯಾಗಿ ಕತ್ತರಿಸಿರುತ್ತಾರೆ. ಈ ಹಲಗೆಗಳನ್ನು ಮೇಲೊಂದು ಕೆಳಗೊಂದು ದುಂಡು ಬಿಲ್ಲೆಗೆ ಸಿಕ್ಕಿಸಿ ಸುತ್ತಲೂ ನಿಲ್ಲಿಸಿದಾಗ ದೀಪದ ಒಟ್ಟು ಆಕಾರ ಮೂಡುತ್ತದೆ. ಹಲಗೆಗಳ ಅಂಚಿನುದ್ದಕ್ಕೂ ಸಣ್ಣ ಸಣ್ಣ ಕಚ್ಚುಗಳಿವೆ. ನಯವಾಗಿ ಹೆರೆದ ಬಿದಿರಿನ ಸೀಳನ್ನು ಆ ಕಚ್ಚುಗಳಲ್ಲಿ ಕೂರಿಸುತ್ತ, ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಸುರುಳಿಯಾಗಿ ಸುತ್ತುತ್ತಾರೆ. ಬಿದಿರಿನ ಮೇಲೆ ಅಂಟು ಸವರಿ, ಎರಡು ಹಲಗೆಗಳ ನಡುವಿನ ಅಗಲಕ್ಕೆ ಕತ್ತರಿಸಿಟ್ಟ ಕಾಗದದ ಪಟ್ಟಿಗಳನ್ನು ಒಂದರ ಪಕ್ಕ ಒಂದರಂತೆ ಹಚ್ಚುತ್ತಾರೆ. ಹೆಚ್ಚಾಗಿ ಉಳಿದ ಅಂಚನ್ನು ಬ್ಲೇಡಿನಿಂದ ಸವರಿ ತೆಗೆಯುತ್ತಾರೆ. ಇದು ಪೂರ್ತಿ ಒಣಗಬೇಕು. ಆಮೇಲೆ ಬಿಲ್ಲೆಗಳನ್ನು ಬಿಚ್ಚಿ, ಒಳಗಿನ ಹಲಗೆಗಳನ್ನು ಒಂದೊಂದಾಗಿ ದೀಪದ ಬಾಯಿಯಿಂದ ಹೊರಗೆಳೆಯುತ್ತಾರೆ. ಉಳಿಯುವುದು ಕಾಗದ ಮತ್ತು ಬಿದಿರು ಮಾತ್ರ. ಮೈಯನ್ನು ಸುರುಳಿಗೆ ಅನುಗುಣವಾಗಿ ಮಡಿಸಿದರೆ ಹಾರ್ಮೋನಿಯಂ ತಿದಿಯ ಹಾಗೆ ಚಪ್ಪಟೆಯಾಗುತ್ತದೆ.

ಕಾಗದವೂ ಇಲ್ಲಿ ಹಿನ್ನೆಲೆಯ ಸಾಮಗ್ರಿಯಲ್ಲ. ಗಿಫು ಪ್ರಾಂತ್ಯದ ಮಿನೊ ಎಂಬ ಊರು ಕೈಕಾಗದಕ್ಕೆ ಹೆಸರಾದದ್ದು. ಅಲ್ಲಿನ ‘ಹೋನ್ ಮಿನೊಶಿ’ ಕಾಗದ ತಯಾರಿಕೆ 2014ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ಈ ಕಾಗದಕ್ಕೆ ಬಳಸುವ ‘ಕೋಜೊ’ ಗಿಡ, ನಮ್ಮಲ್ಲಿ ರೇಷ್ಮೆ ಹುಳುವಿಗೆ ಹಾಕುವ ಹಿಪ್ಪುನೇರಳೆಯ ಕುಟುಂಬಕ್ಕೇ ಸೇರಿದ್ದು. ಅದರ ಒಳತೊಗಟೆಯನ್ನು ಬೇಯಿಸಿ, ಬಡಿದು, ನೀರಿನಲ್ಲಿ ಕದಡುತ್ತಾರೆ. ನಾರು ಒಂದೇ ಕಡೆ ಮುದ್ದೆಯಾಗದೆ ನೀರಿನಲ್ಲಿ ಹರಡಿ ನಿಲ್ಲಲು ಒಂದು ಗಿಡದ ಬೇರಿನ ಲೋಳೆಯನ್ನು ಬೆರೆಸುತ್ತಾರೆ. ಆ ಗಿಡ ನಮ್ಮ ಬೆಂಡೆಯ ಹತ್ತಿರದ ಸಂಬಂಧಿ. ಬೆಂಡೆಕಾಯಿ ಹೆಚ್ಚಿದ ಯಾರಿಗಾದರೂ ಆ ಲೋಳೆಯ ಗುಣ ಕೂಡಲೇ ಅರ್ಥವಾಗುತ್ತದೆ. ಕೋಜೊ ನಾರು ಉದ್ದ, ಆದ್ದರಿಂದ ಕಾಗದ ತೆಳುವಾಗಿದ್ದರೂ ಬಲವಾಗಿರುತ್ತದೆ, ಮಡಿಸಿ ಬಿಚ್ಚಿದರೂ ಬೇಗ ಹರಿಯುವುದಿಲ್ಲ. ಮರದ ತಿರುಳಿನ ಯಂತ್ರಕಾಗದ ಇಷ್ಟು ತೆಳುವಾಗಿ ಇಷ್ಟು ಗಟ್ಟಿಯಾಗಿರುವುದು ಕಷ್ಟ.

ಈ ವಿಧಾನದಲ್ಲಿ ವಿನ್ಯಾಸಕಾರರ ಕಣ್ಣಿಗೆ ಬೀಳಬೇಕಾದ ಒಂದು ಸಂಗತಿ ಇದೆ. ದುಂಡು ದೀಪವೊಂದರ ಇಡೀ ಆಕಾರವನ್ನು ನಿರ್ಧರಿಸುವುದು ಒಂದೇ ಒಂದು ರೇಖೆ, ಹಲಗೆಯ ಹೊರ ಅಂಚು. ಆ ರೇಖೆಯನ್ನು ಬದಲಿಸಿ ಹಲಗೆಗಳನ್ನು ಕತ್ತರಿಸಿಕೊಟ್ಟರೆ ಸುತ್ತುವ ಕೈ, ಅಂಟಿಸುವ ಕೈ, ಒಣಗಿಸುವ ಜಾಗ ಯಾವುದೂ ಬದಲಾಗಬೇಕಿಲ್ಲ. ಹೊಸ ಯಂತ್ರ ಬೇಡ, ಹೊಸ ತರಬೇತಿಯೂ ಬೇಡ. ಮಿತಿ ಒಂದೇ: ದೀಪ ಮುಗಿದ ಮೇಲೆ ಹಲಗೆಗಳು ಅದರ ಬಾಯಿಯಿಂದ ಹೊರಬರಬೇಕು. ಅಷ್ಟು ಪಾಲಿಸಿದರೆ ಗೋಲ, ಮೊಟ್ಟೆ, ಬಿಲ್ಲೆ, ಕಂಬ, ಒಂದರ ಮೇಲೊಂದು ಉಬ್ಬಿದ ಸೋರೆಬುರುಡೆ, ಎಲ್ಲವೂ ಅದೇ ಮೇಜಿನ ಮೇಲೆ ಹುಟ್ಟುತ್ತವೆ. ದುಂಡಲ್ಲದ ಆಕಾರಗಳೂ ಮುಂದೆ ಬಂದವು. ನೊಗುಚಿ ಚೌಕ ಕಂಬಗಳನ್ನೂ ತಿರುಚಿದ ಪೆಟ್ಟಿಗೆಗಳನ್ನೂ ಮಾಡಿಸಿದರು.

ತೆಗೆದುಹಾಕಿದ್ದು ಏನು?

ಗಿಫುವಿನ ಸಾಂಪ್ರದಾಯಿಕ ದೀಪ ಬಹಳ ಸುಂದರವಾದದ್ದು. ತೀರ ತೆಳುವಾದ ಕಾಗದ, ಕೂದಲಿನಷ್ಟು ಎನ್ನುವಂತೆ ಸಣ್ಣಗೆ ಸೀಳಿದ ಬಿದಿರು, ಮೈಮೇಲೆ ಶರತ್ಕಾಲದ ಹೂಗಳ ಚಿತ್ರ. ಪಿತೃಗಳನ್ನು ಮನೆಗೆ ಬರಮಾಡಿಕೊಳ್ಳುವ ಬೋನ್ ಹಬ್ಬದಲ್ಲಿ ಅದಕ್ಕೆ ವಿಶೇಷ ಸ್ಥಾನವಿದೆ. ಆದರೆ ಹಬ್ಬಕ್ಕೆ ಮಾತ್ರ ಬೇಕಾಗುವ ವಸ್ತು ವರ್ಷಕ್ಕೊಮ್ಮೆ ಮಾತ್ರ ಮಾರಾಟವಾಗುತ್ತದೆ.

ನೊಗುಚಿ ಚಿತ್ರಗಳನ್ನು ಪೂರ್ತಿಯಾಗಿ ಕೈಬಿಟ್ಟರು. ಕಾಗದದ ಬಿಳಿ ಮೈ, ಬಿದಿರಿನ ಗೆರೆ, ಇವೆರಡೇ ಅಲಂಕಾರ. ಮೇಣದಬತ್ತಿಯ ಜಾಗಕ್ಕೆ ವಿದ್ಯುತ್ ಬಲ್ಬು ಬಂತು. ಈ ಎರಡನೆಯ ಬದಲಾವಣೆ ಮೇಲ್ನೋಟಕ್ಕೆ ಸಾಮಾನ್ಯ ಅನ್ನಿಸಬಹುದು, ಆದರೆ ಆಕಾರಕ್ಕೆ ದೊಡ್ಡ ಬಿಡುಗಡೆ ಸಿಕ್ಕಿದ್ದು ಅದರಿಂದಲೇ. ಜ್ವಾಲೆ ಸದಾ ನೆಟ್ಟಗೆ ಮೇಲಕ್ಕೆ ಉರಿಯುತ್ತದೆ, ಅದಕ್ಕೆ ಕೆಳಗಿನಿಂದ ಗಾಳಿ ಬೇಕು, ಮೇಲಿನಿಂದ ಬಿಸಿ ಹೊರಹೋಗಲು ದಾರಿ ಬೇಕು, ಕಾಗದ ಅದರಿಂದ ದೂರ ಇರಬೇಕು. ಮೇಣದಬತ್ತಿಯ ಗೂಡು ಹೀಗಾಗಿ ನೆಟ್ಟಗೆ ತೂಗಲೇಬೇಕು, ಮೇಲೆ ಕೆಳಗೆ ಬಾಯಿ ತೆರೆದಿರಲೇಬೇಕು. ಬಲ್ಬಿಗೆ ಆ ಕಟ್ಟುಪಾಡಿಲ್ಲ. ದೀಪವನ್ನು ನೆಲದ ಮೇಲೆ ನಿಲ್ಲಿಸಬಹುದು, ಮೂರು ತೆಳು ಕಾಲಿನ ಮೇಲೆ ಮೇಜಿನಲ್ಲಿ ಕೂರಿಸಬಹುದು, ಆಳೆತ್ತರದ ಕಂಬವಾಗಿಸಬಹುದು. ಒಳಗಿನಿಂದ ಕಾಗದವನ್ನು ಎಳೆದು ಹಿಡಿಯಲು ತೆಳುವಾದ ಲೋಹದ ತಂತಿಯ ಚೌಕಟ್ಟೊಂದನ್ನು ಅವರು ಸೇರಿಸಿದರು. ಅದನ್ನು ತೆಗೆದರೆ ದೀಪ ಮತ್ತೆ ಚಪ್ಪಟೆ. ಚಪ್ಪಟೆ ಪೆಟ್ಟಿಗೆಯಲ್ಲಿ ಹಡಗಿಗೆ ಹೇರಿ ಸಾವಿರಾರು ಮೈಲಿ ಕಳಿಸಬಹುದಾದ, 120 ಸೆಂಟಿಮೀಟರ್ ವ್ಯಾಸದ ದೀಪವನ್ನು ಊಹಿಸಿಕೊಳ್ಳಿ. ರಫ್ತಿನ ದೃಷ್ಟಿಯಿಂದ ಮೇಯರ್ ಕೇಳಿದ್ದಕ್ಕೆ ಇದಕ್ಕಿಂತ ನೇರವಾದ ಉತ್ತರ ಇರಲಾರದು. ಮಡಿಸುವ ಗುಣವಂತೂ ಹಳೆಯ ಕುಶಲಕರ್ಮಿಗಳ ಕೊಡುಗೆಯೇ.

ಕಾಲ ಕಳೆದಂತೆ ಬಿದಿರಿನ ಸುರುಳಿಯ ಮೇಲೂ ಪ್ರಯೋಗಗಳು ನಡೆದವು. ಸಾಂಪ್ರದಾಯಿಕ ಕೆಲಸದಲ್ಲಿ ಸುತ್ತುಗಳ ಅಂತರ ಒಂದೇ ಸಮನಾಗಿರುವುದು ಕೈಚಳಕದ ಗುರುತು. ಕೆಲವು ಅಕಾರಿಗಳಲ್ಲಿ ಬಿದಿರು ಬೇಕೆಂದೇ ಅಡ್ಡಾದಿಡ್ಡಿ ಓಡುತ್ತದೆ: ಒಂದು ಕಡೆ ದಟ್ಟ, ಇನ್ನೊಂದು ಕಡೆ ವಿರಳ. ಬೆಳಕು ಹಚ್ಚಿದಾಗ ಈ ಗೆರೆಗಳು ಮೈಮೇಲಿನ ರೇಖಾಚಿತ್ರವಾಗುತ್ತವೆ. ಸಮನಾಗಿ ಸುತ್ತಲು ಜೀವನವಿಡೀ ಕಲಿತ ಕೈಗೆ ಅಸಮವಾಗಿ ಸುತ್ತು ಎಂದು ಹೇಳುವುದು ಸಣ್ಣ ಮಾತಲ್ಲ. ಅದನ್ನು ಒಪ್ಪಿ ಮಾಡಿಕೊಟ್ಟ ಕಾರ್ಯಾಗಾರದ ಮನಸ್ಸಿನ ಬಗ್ಗೆ ನನಗೆ ಬಹಳ ಗೌರವವಿದೆ.

ಬೆಳಕಿನ ಲೆಕ್ಕ

ಚಂದದ ಆಕಾರ ಮಾತ್ರವಾಗಿದ್ದರೆ ಅಕಾರಿ ಇಷ್ಟು ಕಾಲ ಉಳಿಯುತ್ತಿರಲಿಲ್ಲ. ಅದು ಕೊಡುವ ಬೆಳಕು ಕಣ್ಣಿಗೆ ಹಿತ. ಇದಕ್ಕೆ ಕಾರಣ ಸರಳ ಗಣಿತ. ಸಾಮಾನ್ಯ ಬಲ್ಬಿನ ಗಾಜಿನ ವ್ಯಾಸ ಸುಮಾರು 6 ಸೆಂಟಿಮೀಟರ್. ಅದನ್ನು 45 ಸೆಂಟಿಮೀಟರ್ ವ್ಯಾಸದ ಕಾಗದದ ಗೋಲದೊಳಗೆ ಇಟ್ಟರೆ, ಅಷ್ಟೇ ಬೆಳಕು ಸುಮಾರು 56 ಪಟ್ಟು ದೊಡ್ಡ ಮೈಯಿಂದ ಹೊರಬರುತ್ತದೆ. ಕಾಗದ ಹೀರಿಕೊಳ್ಳುವುದನ್ನು ಬಿಟ್ಟು ಲೆಕ್ಕ ಹಾಕಿದರೂ, ಕಣ್ಣು ಎದುರಿಸುವ ಹೊಳಪು ಬಲ್ಬಿನದರ ಐವತ್ತನೆಯ ಒಂದು ಭಾಗಕ್ಕಿಂತ ಕಡಿಮೆ. ಕೋಣೆಯ ಬೆಳಕು ಹೆಚ್ಚು ಕಳೆಯುವುದಿಲ್ಲ, ಕುಕ್ಕುವಿಕೆ ಮಾತ್ರ ಹೋಗುತ್ತದೆ. ನೆರಳಿನ ಅಂಚೂ ಮೆತ್ತಗಾಗುತ್ತದೆ, ಏಕೆಂದರೆ ದೊಡ್ಡ ಮೈಯಿಂದ ಹೊರಟ ಬೆಳಕು ವಸ್ತುವನ್ನು ಹಲವು ದಿಕ್ಕುಗಳಿಂದ ತಾಕುತ್ತದೆ. ಕೈಕಾಗದದ ನಾರುಗಳು ಬೆಳಕನ್ನು ಮತ್ತಷ್ಟು ಚದುರಿಸುತ್ತವೆ. ಒಳಗಿರುವ ಬಲ್ಬು ಎಲ್ಲಿದೆ ಎಂದು ಗುರುತಿಸಲು ಆಗದಷ್ಟು.

ಇಂದಿನ ಎಲ್ಇಡಿ ಬಲ್ಬುಗಳ ಕಾಲದಲ್ಲಿ ಕಾಗದದ ದೀಪಕ್ಕೆ ಒಂದು ಅನುಕೂಲ, ಒಂದು ತೊಡಕು ಎರಡೂ ಬಂದಿವೆ. ತಂತಿ ಬಲ್ಬು ತಾನು ನುಂಗಿದ ವಿದ್ಯುತ್ತಿನ ಬಹುಭಾಗವನ್ನು ಬಿಸಿಯಾಗಿ ಚೆಲ್ಲುತ್ತಿತ್ತು, ಕಾಗದದ ಹತ್ತಿರ ಅದು ಅಪಾಯ. 60 ವಾಟ್ ತಂತಿ ಬಲ್ಬಿನ ಬೆಳಕನ್ನು 8–9 ವಾಟ್ ಎಲ್ಇಡಿ ಕೊಡುವುದರಿಂದ ಆ ಭಯ ಬಹುತೇಕ ಹೋಗಿದೆ. ತೊಡಕು ಏನೆಂದರೆ, ನಮ್ಮ ಅಂಗಡಿಗಳಲ್ಲಿ ಸಿಗುವ ಅನೇಕ ಎಲ್ಇಡಿ ಬಲ್ಬುಗಳ ಕೆಳ ಅರ್ಧ ಅಪಾರದರ್ಶಕ ಪ್ಲಾಸ್ಟಿಕ್. ಅದನ್ನು ಗೋಲದೊಳಗೆ ತೂಗಹಾಕಿದರೆ ಕೆಳಭಾಗ ಬೆಳಗುತ್ತದೆ, ಮೇಲ್ಭಾಗ ಮಂಕಾಗುತ್ತದೆ, ಗೋಲ ಗೋಲವಾಗಿ ಕಾಣುವುದೇ ಇಲ್ಲ. ಸುತ್ತಲೂ ಬೆಳಕು ಚೆಲ್ಲುವ ಫಿಲಮೆಂಟ್ ಮಾದರಿಯ ಎಲ್ಇಡಿ, ಅದರಲ್ಲೂ 2700 ಕೆಲ್ವಿನ್‌ನ ಬೆಚ್ಚನೆಯ ಬಣ್ಣದ್ದು, ಇದಕ್ಕೆ ಸರಿಹೊಂದುತ್ತದೆ. ಕಾಗದದ ಗೂಡು ಮಾಡುವ ಯಾರಾದರೂ ಮೊದಲು ಬಲ್ಬನ್ನು ಆರಿಸಿ ಆಮೇಲೆ ಗೂಡಿನ ಅಳತೆ ನಿರ್ಧರಿಸಲಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಸಾಮಾನ್ಯವಾಗಿ ನಡೆಯುವುದು ಇದಕ್ಕೆ ತಿರುಗುಮುರುಗು.

ನಕಲಿನ ತಲೆನೋವು

ನೊಗುಚಿಗೆ ಬೆಳಕಿನ ಹುಚ್ಚು ಗಿಫುವಿನಲ್ಲಿ ಹತ್ತಿದ್ದಲ್ಲ. 1940ರ ದಶಕದ ಆರಂಭದಲ್ಲೇ ಅವರು ‘ಲೂನಾರ್’ ಎಂದು ಕರೆದ, ಒಳಗೆ ಬಲ್ಬು ಅಡಗಿಸಿದ ಉಬ್ಬುಶಿಲ್ಪಗಳನ್ನು ಮಾಡುತ್ತಿದ್ದರು. ಸೇಂಟ್ ಲೂಯಿಸ್ ನಗರದ ಒಂದು ಕಟ್ಟಡದಲ್ಲಿ ಅವರು ರೂಪಿಸಿದ, ಅಲೆಅಲೆಯಾದ ಬೆಳಗುವ ಒಳಛಾವಣಿ ಇವತ್ತೂ ಪ್ರಸಿದ್ಧ. ಅದೇ ದಶಕದಲ್ಲಿ ಮೂರು ಕಾಲಿನ ಸಿಲಿಂಡರ್ ಆಕಾರದ ಒಂದು ಪುಟ್ಟ ಮೇಜುದೀಪವನ್ನು ಅಮೆರಿಕದ ನೋಲ್ ಕಂಪನಿ ಮಾರುಕಟ್ಟೆಗೆ ತಂದಿತು. ಅದು ಜನಪ್ರಿಯವಾಯಿತು, ಬೆನ್ನಿಗೇ ಅದರ ನಕಲುಗಳೂ ಬಂದವು. ಅಷ್ಟು ಸರಳವಾದ ವಸ್ತುವನ್ನು ಕಾನೂನಿನಿಂದ ಕಾಪಾಡುವುದು ಎಷ್ಟು ಕಷ್ಟ ಎಂದು ನೊಗುಚಿಗೆ ಆಗಲೇ ಗೊತ್ತಾಗಿತ್ತು.

ಅಕಾರಿಯ ವಿಷಯದಲ್ಲಿ ಸಮಸ್ಯೆ ಇನ್ನೂ ಬಿಗಡಾಯಿಸಿತು. ಬಿಳಿ ಕಾಗದದ ಗೋಲವನ್ನು ‘ಇದು ನನ್ನದು’ ಎನ್ನುವುದು ಹೇಗೆ? ಗಿಫುವಿನ ವಿಧಾನ ಸಾರ್ವಜನಿಕವಾದದ್ದು, ಗೋಲ ಎಂಬ ಆಕಾರಕ್ಕೂ ಒಡೆಯರಿಲ್ಲ. ಕಾಗದದ ಗೋಲಗಳು ಅಗ್ಗದ ಬೆಲೆಗೆ ಜಗತ್ತಿನ ಎಲ್ಲ ಕಡೆ ಹರಡಿದವು. ಹಾಸ್ಟೆಲ್ ಕೋಣೆಗಳಿಂದ ಹಿಡಿದು ಮದುವೆ ಮಂಟಪಗಳವರೆಗೆ ನಾವು ಇಂದು ಕಾಣುವ ಬಿಳಿ ಗೋಲಗಳು ಇದೇ ಬಳಗದವು. ಅಸಲಿ ಅಕಾರಿಯ ಮೇಲೆ ಸೂರ್ಯ ಮತ್ತು ಅರ್ಧಚಂದ್ರನ ಕೆಂಪು ಮುದ್ರೆ ಇರುತ್ತದೆ. ಮುದ್ರೆ ಕೊಳ್ಳುವವರಿಗೆ ಗುರುತಾಗುತ್ತದೆ ಅಷ್ಟೇ, ನಕಲನ್ನು ತಡೆಯುವುದಿಲ್ಲ.

ನೊಗುಚಿಯ ನಿಜವಾದ ಉತ್ತರ ಕೆಲಸದ ಮೇಜಿನ ಮೇಲಿತ್ತು. ನಕಲು ಮಾಡುವವರಿಗೆ ಸುಲಭವಾದದ್ದು ಗೋಲ. ಆದ್ದರಿಂದ ಅವರು ಗೋಲದಿಂದ ಮುಂದೆ ನಡೆಯುತ್ತಲೇ ಇದ್ದರು. ಅಚ್ಚಿನ ರೇಖೆ ಬದಲಿಸಿದರೆ ಹೊಸ ದೀಪ ಎಂಬ ಅನುಕೂಲ ಇಲ್ಲಿ ಮತ್ತೆ ಕೈಹಿಡಿಯಿತು. ಪ್ರತಿ ಹೊಸ ಆಕಾರಕ್ಕೂ ಕಾರ್ಖಾನೆಯಲ್ಲಿ ಭಾರೀ ಬಂಡವಾಳದ ಅಚ್ಚು ಹೂಡಬೇಕಿದ್ದರೆ ಮೂರೂವರೆ ದಶಕಗಳ ಕಾಲ ಹೊಸ ಮಾದರಿಗಳನ್ನು ತರುತ್ತಿರಲು ಯಾರಿಂದಲೂ ಆಗುತ್ತಿರಲಿಲ್ಲ. ಮರದ ಹಲಗೆ, ಗರಗಸ, ಅನುಭವಿ ಬಡಗಿ ಇದ್ದರೆ ಸಾಕು ಎನ್ನುವ ವ್ಯವಸ್ಥೆಯಲ್ಲಿ ಅದು ಸಾಧ್ಯವಾಯಿತು. ದೀಪೋದ್ಯಮದವರು ಈ ಪ್ರಕರಣದಿಂದ ಎತ್ತಿಕೊಳ್ಳಬೇಕಾದ ಅಂಶ ಇದೇ ಎಂದು ನಾನು ನಂಬುತ್ತೇನೆ: ಮಾದರಿ ಬದಲಾಯಿಸುವ ಖರ್ಚು ಕಡಿಮೆ ಇರುವ ವಿಧಾನವೇ ನಕಲಿನ ಎದುರು ದೊಡ್ಡ ರಕ್ಷಣೆ.

ಶಿಲ್ಪವೋ, ಮನೆ ಸಾಮಾನೋ

1986ರ ವೆನಿಸ್ ಬಿಯೆನಾಲೆಯಲ್ಲಿ ಅಮೆರಿಕವನ್ನು ಪ್ರತಿನಿಧಿಸುವ ಗೌರವ ನೊಗುಚಿಗೆ ಸಿಕ್ಕಿತು. ಶಿಲ್ಪ ಎಂದರೇನು ಎಂಬ ಪ್ರಶ್ನೆಯನ್ನೇ ಅವರು ಪ್ರದರ್ಶನಕ್ಕೆ ಶೀರ್ಷಿಕೆಯಾಗಿ ಇಟ್ಟರು. ಅಂಗಳದಲ್ಲಿ ಮಕ್ಕಳು ಜಾರಬಹುದಾದ ದೊಡ್ಡ ಅಮೃತಶಿಲೆಯ ಜಾರುಬಂಡೆ, ಒಳಗೆ ಅಕಾರಿ ದೀಪಗಳು. ಜಗತ್ತಿನ ಅತಿ ಪ್ರತಿಷ್ಠಿತ ಕಲಾ ಪ್ರದರ್ಶನದಲ್ಲಿ, ಅಂಗಡಿಯಲ್ಲಿ ಹಣ ಕೊಟ್ಟು ಕೊಳ್ಳಬಹುದಾದ ಕಾಗದದ ದೀಪಗಳು! ದೇಶಗಳ ಪ್ರದರ್ಶನ ಮಂಟಪಗಳಲ್ಲಿ ಉತ್ತಮವಾದದ್ದಕ್ಕೆ ಕೊಡುವ ಪ್ರಶಸ್ತಿ ಆ ವರ್ಷ ಫ್ರಾನ್ಸಿಗೆ ಹೋಯಿತು.

ಕಲ್ಲಿನಲ್ಲಿ ಕೆತ್ತಿದ್ದಕ್ಕೂ ಕಾಗದದಲ್ಲಿ ಮಾಡಿಸಿದ್ದಕ್ಕೂ ಅವರು ದರ್ಜೆಯ ಭೇದ ಮಾಡಲಿಲ್ಲ. ಇದರಲ್ಲಿ ನಾನು ಪೂರ್ತಿಯಾಗಿ ಅವರ ಪಕ್ಷ. ದಿನವೂ ಸಂಜೆ ಸ್ವಿಚ್ ಹಾಕಿ ಬೆಳಗಿಸುವ, ಅದರ ಕೆಳಗೆ ಊಟ ಮಾಡುವ, ಮಕ್ಕಳಿಗೆ ಪಾಠ ಹೇಳಿಕೊಡುವ ವಸ್ತುವಿನ ಮೇಲೆ ಶಿಲ್ಪಿಯ ಇಷ್ಟು ಗಮನ ಬಿದ್ದಿದೆ ಎಂದರೆ ಅದು ಮನೆಗೆ ಸಂದ ಮರ್ಯಾದೆ.

ಕರಾವಳಿಯಿಂದ ನೋಡಿದಾಗ

ದಕ್ಷಿಣ ಕನ್ನಡ, ಉಡುಪಿಯ ಓದುಗರು ಇಷ್ಟು ಹೊತ್ತಿಗೆ ತಮ್ಮ ಮನೆಯ ಗೂಡುದೀಪವನ್ನು ನೆನೆದಿರುತ್ತಾರೆ. ದೀಪಾವಳಿಗೆ ಅಂಗಳದಲ್ಲಿ ಎತ್ತರಕ್ಕೆ ತೂಗುವ ಆ ದೀಪಕ್ಕೂ ಸಾಮಗ್ರಿ ಅದೇ: ಬಿದಿರು, ಕಾಗದ, ಅಂಟು. ಮಂಗಳೂರಿನಲ್ಲಿ ಗೂಡುದೀಪ ಸ್ಪರ್ಧೆಗಳು ನಡೆಯುತ್ತವೆ, ಧಾನ್ಯ, ಕಡ್ಡಿ, ಮಣಿಗಳನ್ನೆಲ್ಲ ಜೋಡಿಸಿ ತಿಂಗಳುಗಟ್ಟಲೆ ದುಡಿದು ಮಾಡಿದ ದೀಪಗಳು ಅಲ್ಲಿ ಬರುತ್ತವೆ. ಕೈಗುಣಕ್ಕೆ ನಮ್ಮಲ್ಲಿ ಕೊರತೆಯೇನಿಲ್ಲ.

ವ್ಯತ್ಯಾಸ ರಚನೆಯಲ್ಲಿದೆ. ನಮ್ಮ ಗೂಡುದೀಪದಲ್ಲಿ ಬಿದಿರಿನ ಚೌಕಟ್ಟು ಒಳಗೇ ಉಳಿಯುತ್ತದೆ. ನೇರ ಕಡ್ಡಿಗಳನ್ನು ಕಟ್ಟಿ, ಅವುಗಳ ನಡುವಿನ ಚಪ್ಪಟೆ ಭಾಗಗಳಿಗೆ ಬಣ್ಣದ ಕಾಗದ ಅಂಟಿಸುತ್ತೇವೆ. ಹಾಗಾಗಿ ಆಕಾರಗಳಲ್ಲಿ ಮೂಲೆಗಳಿರುತ್ತವೆ, ದೀಪ ಮಡಿಯುವುದಿಲ್ಲ, ಪ್ರತಿ ದೀಪದ ಅಳತೆಯನ್ನೂ ಹೊಸದಾಗಿ ಹಿಡಿಯಬೇಕು. ಒಂದನ್ನು ಬೆಂಗಳೂರಿಗೆ ಕಳಿಸಬೇಕೆಂದರೂ ದೀಪಕ್ಕಿಂತ ದೊಡ್ಡ ಪೆಟ್ಟಿಗೆ ಬೇಕಾಗುತ್ತದೆ. ಹೊರತೆಗೆಯಬಹುದಾದ ಅಚ್ಚಿನ ಸುತ್ತ ಸುರುಳಿ ಸುತ್ತುವ ಕ್ರಮವನ್ನು ನಮ್ಮ ಗೂಡುದೀಪದವರು ಪ್ರಯತ್ನಿಸಿದರೆ ಮಡಿಸಿಡುವ, ವರ್ಷಪೂರ್ತಿ ಮನೆಯೊಳಗೆ ಬಳಸುವ ದೀಪಗಳು ಖಂಡಿತ ಬರುತ್ತವೆ. ಕಾಗದದ ಆಯ್ಕೆಯಲ್ಲಿ ಮಾತ್ರ ಎಚ್ಚರ ಬೇಕು. ಮಳೆಗಾಲದ ತೇವಕ್ಕೆ ಸಾಮಾನ್ಯ ಕಾಗದ ಜೋಲುತ್ತದೆ, ಮೈದಾ ಗೋಂದಿಗೆ ಬೂಷ್ಟು ಹಿಡಿಯುತ್ತದೆ, ಜಿರಳೆ ಮುತ್ತುತ್ತದೆ. ಅಕಾರಿಗೂ ಇಂಥ ದೌರ್ಬಲ್ಯಗಳು ಇಲ್ಲದಿಲ್ಲ: ಅದು ಹರಿಯುತ್ತದೆ, ವರ್ಷಗಳು ಕಳೆದಂತೆ ಹಳದಿಗೆ ತಿರುಗುತ್ತದೆ, ಧೂಳನ್ನು ಒದ್ದೆ ಬಟ್ಟೆಯಿಂದ ಒರೆಸುವಂತಿಲ್ಲ.

ಈ ಪ್ರಕರಣದಲ್ಲಿ ನನಗೆ ಸಮಾಧಾನ ಕೊಡದ ಒಂದು ಅಂಶವೂ ಇದೆ. ನ್ಯೂಯಾರ್ಕಿನ ಲಾಂಗ್ ಐಲೆಂಡ್ ಸಿಟಿಯಲ್ಲಿ 1985ರಲ್ಲಿ ನೊಗುಚಿ ತಮ್ಮದೇ ವಸ್ತುಸಂಗ್ರಹಾಲಯ ತೆರೆದರು. ಅಲ್ಲಿಯೂ ಪುಸ್ತಕಗಳಲ್ಲಿಯೂ ದೀಪಗಳು ಅವರ ಹೆಸರಿನಲ್ಲಿ ನಿಲ್ಲುತ್ತವೆ, ಅದು ನ್ಯಾಯವೇ. ಒಜೆಕಿ ಸಂಸ್ಥೆಯ ಹೆಸರೂ ಅಲ್ಲಲ್ಲಿ ಬರುತ್ತದೆ. ಆದರೆ ಹಲಗೆ ಕತ್ತರಿಸಿದ, ಬಿದಿರು ಸುತ್ತಿದ, ಅಂಟಿನ ಹದ ಅರಿತು ಕಾಗದ ಹಚ್ಚಿದ ವ್ಯಕ್ತಿಗಳ ಹೆಸರು ಸಾಮಾನ್ಯ ಓದುಗನ ಕಣ್ಣಿಗೆ ಬೀಳುವುದೇ ಇಲ್ಲ. ಸಂಗೀತ ಕಛೇರಿಯಲ್ಲಿ ಹಾಡುವವರ ಜೊತೆಗೆ ಪಕ್ಕವಾದ್ಯದವರ ಹೆಸರನ್ನೂ ಕರಪತ್ರದಲ್ಲಿ ಅಚ್ಚು ಹಾಕಿಸುವ ರೂಢಿ ನಮ್ಮಲ್ಲಿದೆ. ವಿನ್ಯಾಸಕಾರ ಮತ್ತು ಕುಶಲಕರ್ಮಿ ಸೇರಿ ಮಾಡುವ ದೀಪಕ್ಕೂ ಅಂಥ ರೂಢಿ ಬರಬೇಕು. ಚನ್ನಪಟ್ಟಣದ ಅರಗಿನ ಕೆಲಸದವರ ಜೊತೆಗೋ ಕರಾವಳಿಯ ಬಿದಿರಿನವರ ಜೊತೆಗೋ ಹೊಸ ದೀಪಗಳನ್ನು ಮಾಡಹೊರಟಿರುವ ನಮ್ಮ ಯುವ ವಿನ್ಯಾಸಕಾರರು ಬೆಲೆಚೀಟಿಯ ಮೇಲೆ ಎರಡು ಹೆಸರು ಬರೆಯುವುದರಿಂದ ಆರಂಭಿಸಬಹುದು. ಅದಕ್ಕೆ ಹೆಚ್ಚುವರಿ ಖರ್ಚೇನೂ ಇಲ್ಲ.